ತಾಯಿ ಕಡೇದು

ಮೊಮ್ಮಗಳಿಗೆ ಎಂಟು ತಿಂಗಳು ತುಂಬಿದರೂ ಕತ್ತು ನಿಂತಿರಲಿಲ್ಲ. ಎತ್ತಿಕೊಂಡರೆ ನೆನೆದ ಬಟ್ಟೆಯ ಹಾಗೆ ತೋಳಿನಿಂದ ಜಾರುತ್ತಿದ್ದಳು. ಮೇಚೇರಿಯ ಕ್ಲಿನಿಕ್ಕಿನ ಡಾಕ್ಟರು ಎರಡು ಸಲ ಟಾನಿಕ್ ಬರೆದುಕೊಟ್ಟರು. ಮೂರನೆಯ ಸಲ ಮಗುವಿನ ಕಣ್ಣನ್ನೂ ಅಂಗೈಯನ್ನೂ ತುಂಬ ಹೊತ್ತು ನೋಡಿ, ಟಾನಿಕ್ಕಿನ ಬದಲು ಸೇಲಂ ಆಸ್ಪತ್ರೆಗೆ ಚೀಟಿ ಬರೆದರು. ನನ್ನ ಮಗ ಲಾರಿ ಓಡಿಸುತ್ತಾನೆ, ಆಗ ನಾಗಪುರದ ಕಡೆ ಇದ್ದ. ಹಾಗಾಗಿ ಸೊಸೆ, ನನ್ನ ಹೆಂಡತಿ, ನಾನು ಮೂವರೂ ಮಗುವನ್ನು ಎತ್ತಿಕೊಂಡು ಬೆಳಗಿನ ಬಸ್ಸು ಹತ್ತಿದೆವು.

ನಾನು ಹೋದದ್ದು ಮಾತಿಗೆ. ಸೊಸೆ ಬೆಟ್ಟದ ಆಚೆ ಹನೂರಿನ ಕಡೆಯವಳು. ನಮ್ಮ ಮನೆಗೆ ಬಂದು ಮೂರು ವರ್ಷವಾಗಿದ್ದರೂ ತಮಿಳು ಆಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರದೂ ಕನ್ನಡವೇ, ಆದ್ದರಿಂದ ಬೇಕಾಗಿಯೂ ಇರಲಿಲ್ಲ. ಡಾಕ್ಟರು ಕೇಳಿದ್ದನ್ನು ಅವಳಿಗೆ ಕನ್ನಡದಲ್ಲಿ, ಅವಳು ಹೇಳಿದ್ದನ್ನು ಡಾಕ್ಟರಿಗೆ ತಮಿಳಿನಲ್ಲಿ ತಿರುಗಿಸಿ ಹೇಳುವುದು ನನ್ನ ಕೆಲಸ. ನಲವತ್ತು ವರ್ಷ ಮೇಚೇರಿ ಸಂತೆಯಲ್ಲಿ ಕುರಿ ದಲ್ಲಾಳಿಯಾಗಿದ್ದವನು ನಾನು. ಮಾರುವವನ ಮಾತನ್ನು ಕೊಳ್ಳುವವನಿಗೆ, ಕೊಳ್ಳುವವನದನ್ನು ಮಾರುವವನಿಗೆ ದಾಟಿಸಿಯೇ ಬದುಕಿದೆ. ದಾಟಿಸುವಾಗ ಎಷ್ಟು ಸೋರಿಸಬೇಕು, ಎಷ್ಟು ಬೆರೆಸಬೇಕು ಎಂಬುದು ಕೈಗೆ ಹತ್ತಿದ ವಿದ್ಯೆ.

ಆ ಕಸುಬಿನ ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. ನನ್ನ ಪಟ್ಟಿಯಲ್ಲಿ, ಎಂದರೆ ಕುರಿದೊಡ್ಡಿಯಲ್ಲಿ, ಯಾವಾಗಲೂ ಒಂದೆರಡು ಒಳ್ಳೆಯ ಕೆಂಪು ಟಗರು ಇರುತ್ತಿದ್ದವು. ಸುತ್ತಲಿನವರು ತಮ್ಮ ಹೆಣ್ಣು ಕುರಿಗಳನ್ನು ಗಬ್ಬಕ್ಕೆಂದು ತಂದು ಬಿಟ್ಟು ಹೋಗುತ್ತಿದ್ದರು. ಮುಂದೆ ಸೊಟ್ಟಕಾಲಿನ ಮರಿಯೋ ಹಾಲು ಚೀಪಲಾರದ ಮರಿಯೋ ಹುಟ್ಟಿ ಯಾರಾದರೂ ಬೈಯಲು ಬಂದರೆ ನನ್ನದು ಒಂದೇ ಉತ್ತರ: "ತಾಯಿ ಕಡೇದು." ಟಗರಿನ ಮೇಲೆ ಮಾತು ಬರಬಾರದು. ಬಂದರೆ ಪಟ್ಟಿಗೇ ಕೆಟ್ಟ ಹೆಸರು. ಆ ಎರಡು ಪದವನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ನಾನೇ ನಂಬಿದ್ದೆ.

ಸೇಲಂನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮಗುವನ್ನು ಸೊಸೆಯ ಮಡಿಲಲ್ಲೇ ಇರಿಸಿ, ಒಂದು ಹಾಳೆ ತೆಗೆದುಕೊಂಡು, "ತಾತಾ, ತುಂಬ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲರನ್ನೂ ಕೇಳೋದೇ ಇದು," ಎಂದರು. ಅವರ ತಮಿಳನ್ನು ನಾನು ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ತಾಯಿಯ ವಯಸ್ಸೆಷ್ಟು ಎಂದರು. ಸೊಸೆ, "ಇಪ್ಪತ್ತಾರು. ಆಧಾರದಾಗೆ ಇಪ್ಪತ್ತೆಂಟು ಐತೆ. ಇಸ್ಕೂಲಿಗೆ ಬಿರ್ರನೆ ಸೇರ್ಸಕ್ಕೆ ನಮ್ಮಪ್ಪ ಏರ್ಸಿದ್ದ," ಎಂದಳು. ನಾನು ಹಾಗೇ ದಾಟಿಸಿದೆ. ಡಾಕ್ಟರು ನಕ್ಕು ಎರಡನ್ನೂ ಬರೆದುಕೊಂಡರು. ಸಂಬಂಧದೊಳಗಿನ ಮದುವೆಯಾ? ಅಲ್ಲ. ಇದಕ್ಕೆ ಮುಂಚೆ ಬಸುರು ನಿಂತಿತ್ತಾ? ಒಂದು ನಿಂತಿತ್ತು, ಮೂರು ತಿಂಗಳಿಗೆ ಹೋಯಿತು. ಬಸುರಿನಲ್ಲಿ ಜ್ವರ, ಮಾತ್ರೆ, ಸಕ್ಕರೆ? ಇಲ್ಲ. ಹುಟ್ಟಿದ ಕೂಡಲೇ ಅತ್ತಿತಾ ಎಂದಾಗ ನನ್ನ ಹೆಂಡತಿ ನಾನು ಬಾಯಿ ತೆರೆಯುವ ಮೊದಲೇ, "ಬೆಕ್ಕಿನ್ ಮರಿ ಹಂಗೆ ಒಂದ್ ಸಲ ಮೀ ಅಂತು, ಅಷ್ಟೇಯ. ಇವಳ ಗಂಡ ಹುಟ್ಟಿದಾಗ ಊರೇ ಎದ್ದು ಕೂತಿತ್ತು," ಎಂದಳು. ಹಾಲು ಚೀಪುವುದಕ್ಕೆ ಎಷ್ಟು ಹೊತ್ತು? ಮುಖ ನೋಡಿ ನಕ್ಕದ್ದು ಯಾವಾಗ? ನಕ್ಕದ್ದನ್ನು ಹೇಳುವಾಗ ಸೊಸೆಯ ಮುಖ ಅರಳಿತು. "ನಾಕನೇ ತಿಂಗಳಾಗೆ. ಈಗ ಯಾರ್ ಬಂದ್ರೂ ನಗ್ತಾಳೆ. ಕರೆಂಟಿನೋನು ಮೀಟರ್ ನೋಡಕ್ಕೆ ಬಂದ್ರೂ ನಗ್ತಾಳೆ."

ಆಮೇಲೆ ಡಾಕ್ಟರು ಮಗುವಿನ ಕಾಲುಚೀಲ ಬಿಚ್ಚಿದರು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅಗಲವಾದ ಸಂದು. ಅವರು ಅದನ್ನು ಬರೆದುಕೊಂಡರು. ನಾನು ಕಿಟಕಿಯ ಕಡೆ ನೋಡಿದೆ. ಆ ಸಂದನ್ನು ನಾನು ಮಗು ಹುಟ್ಟಿದ ಮೂರನೆಯ ದಿನವೇ ನೋಡಿದ್ದೆ. ಅದಕ್ಕೂ ಮುಂಚೆ, ನಾನು ಹುಡುಗನಾಗಿದ್ದಾಗಲೇ ನೋಡಿದ್ದೆ.

"ಕುಟುಂಬದಲ್ಲಿ ಯಾರಾದರೂ ಹೀಗೆ ಇದ್ದರಾ? ಈಗ ಇಲ್ಲದವರೂ ಸೇರಿ," ಎಂದರು ಡಾಕ್ಟರು. "ಮೊದಲು ತಂದೆ ಕಡೆ ಹೇಳಿ."

ಹೆಂಡತಿ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. "ನಮ್ ಮನ್ಯಾಗೆ..." ಎಂದು ಶುರುಮಾಡಿದಳು. ನನ್ನ ಹೆಗಲ ಟವಲು ಮಡಿಲ ಮೇಲೆ ಬಿದ್ದಿತ್ತು. ಅದರ ಅಡಿಯಲ್ಲಿ ಅವಳ ಕಿರುಬೆರಳು ಹಿಡಿದು ತಿರುವಿದೆ. ಸಂತೆಯಲ್ಲಿ ಟವಲಿನ ಅಡಿ ಬೆರಳಲ್ಲೇ ಮಾತು ನಡೆಯುತ್ತದೆ. ನಮ್ಮಲ್ಲಿ ಕಿರುಬೆರಳು ತಿರುವಿದರೆ, ಸುಮ್ಮನಿರು, ಎದುರಿನವನಿಗೆ ಗೊತ್ತಾಗಬಾರದು ಎಂದು ಅರ್ಥ. ಇಷ್ಟು ವರ್ಷ ನನ್ನ ಜೊತೆ ಸಂತೆಗೆ ಮೊಸರನ್ನ ತಂದು ಕೂತವಳಿಗೆ ಅದು ತಿಳಿಯದೆ ಇರುತ್ತದೆಯೇ. ಡಾಕ್ಟರು, "ಏನು ಅಜ್ಜಿ?" ಎಂದರು. ಅವಳು ತಮಿಳಿನಲ್ಲಿ, "ಒಣ್ಣುಮಿಲ್ಲೆ," ಏನೂ ಇಲ್ಲ, ಎಂದಳು.

"ನಮ್ಮ ಕಡೆ ಯಾರೂ ಇಲ್ಲಮ್ಮ," ಎಂದೆ ನಾನು. ಡಾಕ್ಟರು ಬರೆದುಕೊಂಡರು.

"ತಾಯಿ ಕಡೆ?"

ಸೊಸೆಗೆ ಕೇಳಿದೆ. ಅವಳು ಯೋಚಿಸಿ, ಸುಳ್ಳಾಡಬಾರದೆಂದು ಹುಡುಕಿ ತೆಗೆದು ಹೇಳಿದಳು: "ನಮ್ ಸೋದರಮಾವನ ಮಗ ಒಬ್ಬ ಮೂಗ. ಮಾತ್ ಬರಲ್ಲ, ಕಿವೀನೂ ಕೇಳಲ್ಲ. ಬುದ್ಧಿ ಚೆನ್ನಾಗೈತೆ. ಕೊಳ್ಳೇಗಾಲದಾಗೆ ಟೈಲರು. ಅದೂ ಹೇಳ್ಬೇಕಾ ಮಾವ?"

ಮೂಗನಿಗೆ ತಮಿಳಿನಲ್ಲಿ ಊಮೈ ಎನ್ನುತ್ತಾರೆ. ಆ ಪದ ನನಗೆ ಗೊತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಹೇಳಿದ್ದು: "ಅವಳ ಸೋದರಮಾವನ ಮಗ ಒಬ್ಬ ಇದಾನಮ್ಮ. ಮಾತು ಬರೋದಿಲ್ಲ, ಮನವಳರ್ಚಿ ಇಲ್ಲೆ." ಬುದ್ಧಿ ಬೆಳೆದಿಲ್ಲ ಎಂದರ್ಥ. ಟೈಲರನ್ನು ಸೋರಿಸಿಬಿಟ್ಟೆ. ಸೊಸೆ ನನ್ನ ಮುಖ ನೋಡಿದಳು. ಮಗುವಿನ ಕಾಲುಚೀಲ ಹಾಕುತ್ತ ತಲೆ ತಗ್ಗಿಸಿದಳು.

ಡಾಕ್ಟರು, ಇದು ಡೌನ್ ಸಿಂಡ್ರೋಮ್ ಇರಬಹುದು ಅನ್ನಿಸುತ್ತದೆ, ರಕ್ತಪರೀಕ್ಷೆ ಬಂದಮೇಲೆ ಖಚಿತ, ಅದಕ್ಕೆ ಕೆಲವು ವಾರ ಬೇಕು ಎಂದು ವಿವರಿಸಿದರು. ಎದೆಯ ಸ್ಕ್ಯಾನಿಗೆ ಬೇರೆ ಚೀಟಿ ಕೊಟ್ಟು, ಇದನ್ನು ತಡಮಾಡಬೇಡಿ ಎಂದರು. ಅದನ್ನೆಲ್ಲ ಸರಿಯಾಗಿಯೇ ದಾಟಿಸಿದೆ. ಸೊಸೆ ಕೇಳಿದ್ದು ಒಂದೇ: "ನಡೀತಾಳಾ?" ಡಾಕ್ಟರು, "ನಡೀತಾಳೆ, ತಡವಾಗಿ. ಮಾತೂ ಬರುತ್ತೆ, ತಡವಾಗಿ. ನೀವು ಬಿಡದೆ ಕರ್ಕೊಂಡು ಬರ್ಬೇಕು," ಎಂದರು.

ಮನೆಗೆ ಬಂದ ಮೇಲೆ ಮಗನ ಫೋನು. "ಏನಂದ್ರಪ್ಪಾ? ಯಾರ್ ಕಡೇದಂತೆ?"

ಅಲ್ಲಿ ನಿಲ್ಲಿಸಬಹುದಿತ್ತು. "ಅವರ ಕಡೆ ಒಬ್ಬ ಹಂಗೆ ಇದಾನಂತೆ. ಡಾಕ್ಟರು ಬರ್ಕೊಂಡ್ರು," ಎಂದೆ.

ಅವನ ಹಿಂದೆ ಲಾರಿಗಳ ಸದ್ದು. "ಅಂಗಾದ್ರೆ ರಿಪೋರ್ಟ್ ಬರಗಂಟ ಅವಳು ಅವರಮ್ಮನ ಮನ್ಯಾಗೆ ಇರ್ಲಿ. ಮಗೂನೂ ಕರ್ಕೊಂಡ್ ಓಗ್ಲಿ. ಆಮೇಕೆ ನೋಡನ." ನೋಡನ ಎಂದರೆ ಏನು ಎಂದು ನಾನು ಕೇಳಲಿಲ್ಲ. ಫೋನಿನ ಸದ್ದು ದೊಡ್ಡದು, ಸೊಸೆ ಒಲೆಯ ಮುಂದೆ ಇದ್ದಳು. ಬರುವ ವಾರ ಬಿಟ್ಟು ಅದರಾಚೆಯ ಭಾನುವಾರ ಬಂದು ಕರೆದುಕೊಂಡು ಹೋಗಬೇಕೆಂದು ಅವಳ ತಾಯಿಗೆ ಹೇಳಿ ಕಳಿಸಿದ್ದಾಯಿತು. ಈ ಗಲಿಬಿಲಿಯಲ್ಲಿ ಎದೆಯ ಸ್ಕ್ಯಾನಿನ ಚೀಟಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದು ಅಲ್ಲೇ ಉಳಿಯಿತು.

ಈಗ ನನ್ನ ತಂಗಿಯ ವಿಷಯ.

ನನಗಿಂತ ಐದು ವರ್ಷ ಚಿಕ್ಕವಳು. ಮೊಮ್ಮಗಳದೇ ಕಣ್ಣು, ಅದೇ ಮೂಗು, ಅದೇ ಕಾಲ್ಬೆರಳ ಸಂದು. ಆ ಸಂದಿನಲ್ಲಿ ಕಡ್ಡಿ ಸಿಕ್ಕಿಸಿಕೊಂಡು ನಡೆದು ತೋರಿಸಿ ನಗುವುದು ಅವಳ ಆಟ. ಮನೆಯಲ್ಲಿ ಎಲ್ಲರೂ ಅವಳನ್ನು ಕೂಸು ಎನ್ನುತ್ತಿದ್ದರು, ಇಪ್ಪತ್ತು ವರ್ಷದವಳಾದರೂ ಕೂಸೇ. ಶಾಲೆಗೆ ಹೋಗಲಿಲ್ಲ, ರೇಷನ್ ಕಾರ್ಡಿನಲ್ಲಿ ಸೇರಲಿಲ್ಲ. ನಾನು ಕೊಳ್ಳೇಗಾಲದಲ್ಲಿ ತಾಯಿಯ ತಮ್ಮನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದವನು. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಆ ಓದಿನಿಂದಲೇ. ರಜೆಗೆ ಬಂದಾಗ ಅವಳು ಬಸ್ ಸ್ಟಾಪಿನ ತನಕ ಓಡಿ ಬರುತ್ತಿದ್ದಳು. ಜೊತೆಯ ಹುಡುಗರು ನಗುತ್ತಾರೆಂದು ನಾನು ಒಂದು ಸ್ಟಾಪು ಮೊದಲೇ ಇಳಿದು ಹೊಲದ ದಾರಿಯಲ್ಲಿ ಮನೆ ಸೇರುತ್ತಿದ್ದೆ. ಅವಳು ಬಸ್ಸು ಹೋದ ಮೇಲೂ ನಿಂತಿರುತ್ತಿದ್ದಳಂತೆ. ನನಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದ ದಿನ ಅವಳನ್ನು ಪಟ್ಟಿಯೊಳಗೆ ಕೂರಿಸಿ, ಒಂದು ಮರಿ ಕೈಗೆ ಕೊಟ್ಟು, ಬಾಗಿಲು ಹಾಕಿದವನು ನಾನೇ. ಮದುವೆಯಾಗಿ ಬಂದ ಹೆಂಡತಿಗೆ ನಾದಿನಿ ಇದ್ದಾಳೆಂದು ತಿಳಿದದ್ದು ಮರುದಿನ. ಅವಳು ಬೈಯಲಿಲ್ಲ. ಎರಡು ವರ್ಷ, ಕೂಸು ಸಾಯುವ ತನಕ, ಅವಳ ತಲೆ ಬಾಚಿದವಳು ನನ್ನ ಹೆಂಡತಿ. ಸೇಲಂನಲ್ಲಿ ನಾನು ತಿರುವಿದ್ದು ಆ ಬಾಚಿದ ಕೈಯ ಬೆರಳನ್ನು.

ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿ ನನಗೆ ಅನ್ನ ಹಾಕುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ದಿನ ಬಟ್ಟೆಯೆಲ್ಲ ಒಗೆದು ಹರವಿದಳು, ನನ್ನ ಟವಲೊಂದನ್ನು ಬಿಟ್ಟು. "ಅದ್ಯಾಕೆ ಬಿಟ್ಟೆ?" ಎಂದೆ.

"ಅದರ ಅಡೀಲಿ ಏನೇನೈತೋ, ನಂಗೇನ್ ಗೊತ್ತು. ನೀನೇ ಒಗ್ಕೊ."

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಟ್ಟಿಗೆ ಹೋಗುವುದು, ಬರುವುದು, ತುಂಬಿದ ನೀರಿನ ತೊಟ್ಟಿಗೆ ಮತ್ತೆ ನೀರು ಬಿಡುವುದು. ಸೊಸೆ ಮಗುವಿನ ಬಟ್ಟೆಗಳನ್ನು ಒಂದು ಬ್ಯಾಗಿಗೆ ತುಂಬುತ್ತಿದ್ದಳು. ದಿನಕ್ಕೆ ಒಂದೆರಡು, ಅವಸರವಿಲ್ಲದೆ. ಆ ಬ್ಯಾಗು ದಿನದಿನಕ್ಕೆ ಉಬ್ಬುವುದನ್ನು ನಾನು ನೋಡುತ್ತಿದ್ದೆ. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಸೇಲಂ ಬಸ್ಸು ಹತ್ತಿದೆ. ನಡುದಾರಿಯ ನಂಗವಳ್ಳಿ ಬಂದಾಗ ಇಳಿದುಬಿಟ್ಟೆ. ಪರಿಚಯದವನೊಬ್ಬ ಸಿಕ್ಕಿ, "ಏನ್ ಅಣ್ಣಾ, ಇಲ್ಲಿ?" ಎಂದ. ಟಗರು ನೋಡಲು ಬಂದೆ ಎಂದೆ. ನೋಡಿಯೂ ನೋಡಿದೆ. ಅವನ ಟಗರಿನ ಬಾಯಿ ತೆರೆಸಿ ಹಲ್ಲು ಎಣಿಸಿ, ಊರಿಗೆ ತಿರುಗಿ ಬಂದೆ.

ಭಾನುವಾರಕ್ಕೆ ಮೂರು ದಿನ ಉಳಿದಿತ್ತು. ಮತ್ತೆ ಹತ್ತಿದೆ. ಈ ಸಲ ಅಂಚಿನ ಸೀಟು ಬಿಟ್ಟು ಒಳಗೆ ಕಿಟಕಿಯ ಪಕ್ಕ ಕೂತೆ, ಇಳಿಯಲು ಪಕ್ಕದವನನ್ನು ಎಬ್ಬಿಸಬೇಕಾಗುವಂತೆ.

ಡಾಕ್ಟರು ನನ್ನನ್ನು ನೋಡಿ, "ಮಗು ಎಲ್ಲಿ ತಾತಾ? ಸ್ಕ್ಯಾನ್ ಆಯ್ತಾ?" ಎಂದರು. ಇಲ್ಲ ಎಂದೆ. ಅಂದು ಹೇಳಿದ್ದರಲ್ಲಿ ಎರಡು ಸುಳ್ಳು ಇದೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಟೈಲರು ಹುಡುಗನನ್ನು ಮೊದಲು ಹೇಳಿದೆ, ಅದು ಹಗುರವೆಂದು. ಆಮೇಲೆ ತಂಗಿಯನ್ನು.

ಅವರು ಫೈಲು ತರಿಸಿದರು. ಅದರಲ್ಲಿ ನಮ್ಮ ಮನೆತನವನ್ನು ಚಿತ್ರದಂತೆ ಬರೆದಿದ್ದರು. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ನಡುವೆ ಗೆರೆಗಳು. ಸೊಸೆಯ ಕಡೆ ಒಂದು ಚೌಕಕ್ಕೆ ಕಪ್ಪು ತುಂಬಿತ್ತು. ಅದಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬೇರೆ ಚೌಕ ಬರೆದು, ಕಿವುಡು ಎಂದು ಬರೆದರು. ನಾನು ಎಂಬ ಚೌಕದ ಪಕ್ಕ ಏನೂ ಇರಲಿಲ್ಲ. ಅಲ್ಲಿ ಒಂದು ಸೊನ್ನೆ ಸುತ್ತಿ, ಕಪ್ಪು ತುಂಬಿ, ತೀರಿಹೋದವರಿಗೆ ಹಾಕುವ ಓರೆಗೆರೆಯನ್ನು ಅದರ ಮೇಲೆ ಎಳೆದರು. ಒಂದು ಕಾಗದದಲ್ಲಿ ನನ್ನ ತಂಗಿ ಬಂದದ್ದು ಅದೇ ಮೊದಲು.

"ಹೆಸರು?" ಎಂದರು. ನನಗೆ ಕೂಸು ಎಂದಷ್ಟೇ ಬಾಯಿಗೆ ಬಂತು. ಹೆಸರು ನಾಲಿಗೆಗೆ ಬರಲು ಹೊತ್ತಾಯಿತು. ಅವರು ಕಾದರು.

"ಹೇಗೆ ತೀರಿಕೊಂಡರು?"

ಕುರಿಯ ಹಿಂದೆ ನಡೆಯುವಾಗ ಅಲ್ಲಲ್ಲೇ ಕೂತುಬಿಡುತ್ತಿದ್ದಳು, ನಾವು ಸೋಮಾರಿ ಎನ್ನುತ್ತಿದ್ದೆವು, ತುಟಿ ನೇರಳೆಹಣ್ಣು ತಿಂದ ಹಾಗೆ ಆಗುತ್ತಿತ್ತು ಎಂದೆ. ಕೊನೆಯ ವಾರ ಅವ್ವ, ಇವಳನ್ನು ಮೆಟ್ಟೂರು ಆಸ್ಪತ್ರೆಗೆ ಕರಕೊಂಡು ಹೋಗು ಎಂದಳು. ಸಂತೆ ಮುಗಿಯಲಿ ಎಂದೆ ನಾನು. ನಿಜಕ್ಕೂ ಸಂತೆಗಾಗಿ ಅಲ್ಲ, ಮೆಟ್ಟೂರಿನ ಬಸ್ಸಿನಲ್ಲಿ ಸಂತೆಯ ಜನವೆಲ್ಲ ಇರುತ್ತಾರೆ, ಅವರ ಮುಂದೆ ಅವಳ ಪಕ್ಕ ಕೂರಬೇಕಲ್ಲ ಎಂದು. ಸಂತೆಯಿಂದ ಮಧ್ಯಾಹ್ನ ಬಂದಾಗ ಅವಳು ಇರಲಿಲ್ಲ. ಇದನ್ನು ಹೆಂಡತಿಗೂ ನಾನು ಹೇಳಿದವನಲ್ಲ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. "ಇಂಥ ಮಕ್ಕಳಿಗೆ ಎದೆಯಲ್ಲಿ ತೊಂದರೆ ಇರೋದು ಉಂಟು ತಾತಾ. ಅದಕ್ಕೇ ಅವತ್ತೇ ಚೀಟಿ ಕೊಟ್ಟೆ. ಈ ವಾರವೇ ಆಗಬೇಕು," ಎಂದರು. ಆಮೇಲೆ, "ಹೆಚ್ಚಾಗಿ ಇದು ಯಾರ ಕಡೆಯಿಂದಲೂ ಬರೋದಲ್ಲ. ಕೆಲವು ಸಲ ಮಾತ್ರ ಕುಟುಂಬದಲ್ಲಿ ಹರೀತದೆ. ಅದಕ್ಕೇ ಕೇಳೋದು. ಮುಂದಿನ ಮಗುವಿನ ವಿಷಯ ನಿಮ್ಮ ಸೊಸೆಗೆ ಏನು ಹೇಳಬೇಕೋ ಅದನ್ನ ನಾನು ನಿಮ್ಮ ಸುಳ್ಳಿನ ಮೇಲೆ ಹೇಳ್ತಿದ್ದೆ. ಕಾಗದ ನಾನು ಸರಿಮಾಡಿದೆ. ಮನೇಲಿ ನೀವೇ ಸರಿಮಾಡ್ಬೇಕು," ಎಂದರು.

ಭಾನುವಾರ ಬೀಗಿತ್ತಿ ಬಂದು ಜಗುಲಿಯ ಮೇಲೆ ಕೂತರು. ಬ್ಯಾಗು ಬಾಗಿಲ ಹತ್ತಿರ ಇತ್ತು. ಕಾಫಿ ಕುಡಿದಾಗುವ ತನಕ ಕಾದೆ. ಹೇಳಿದೆ, ನಿಂತುಕೊಂಡೇ. ಹೆಂಡತಿಗೂ ಗೊತ್ತಿರದ ಮೆಟ್ಟೂರಿನ ಮಾತನ್ನೂ ಹೇಳಿದೆ. ಹೆಂಡತಿ ಎದ್ದು ಒಳಗೆ ಹೋದಳು.

ಬೀಗಿತ್ತಿ ಲೋಟ ಕೆಳಗಿಟ್ಟು, "ನಮ್ಮಣ್ಣನ ಮಗ ಒಲಿದ ಜಾಕೀಟೇ ಇವಳು ಧಾರೆಗೆ ಆಕ್ಕಂಡಿದ್ದು. ಏನ್ ಕೈಕೆಲಸ, ನಮ್ ಮನೇವ್ಳಿಗೂ ಒಂದ್ ಒಲಿಸ್ಬೇಕು ಅಂತ ನೀವೇ ಅಂದಿದ್ರಿ ಬೀಗ್ರೇ. ಬುದ್ಧಿ ಬೆಳೀದೇ ಇದ್ದೋನ ಕೈಲಾ?" ಎಂದರು.

ನಾನು ಸೊಸೆಯ ಕಡೆ ತಿರುಗಿ, "ನಿಂಗೆ ತಮಿಳು ತಿಳಿಯಲ್ಲ ಅಂತ ನಾನು..." ಎಂದೆ.

"ಮನವಳರ್ಚಿ ಇಲ್ಲೆ ಅಂದ್ರಿ," ಎಂದಳು ಅವಳು. ಮಗು ಅವಳ ಭುಜದ ಮೇಲಿತ್ತು. "ನಂಗೆ ತಮಿಳು ಆಡಕ್ಕೆ ನಾಚ್ಕೆ ಮಾವ. ಕಿವಿಗೇನ್ ನಾಚ್ಕೆ?"

"ಅಲ್ಲೇ ಯಾಕೆ ಹೇಳ್ಲಿಲ್ಲ?" ಎಂದೆ.

"ನೀವೇ ಹೇಳ್ಲಿ ಅಂತ. ಮೊದಲ್ನೇ ವಾರ ನೋಡ್ದೆ. ಎರಡ್ನೇ ವಾರ ಬ್ಯಾಗ್ ತುಂಬ್ದೆ. ಇವತ್ತು ನೀವು ಬಾಯಿ ಬಿಡ್ದೆ ಇದ್ದಿದ್ರೆ ನಾನು ಓಗ್ತಿದ್ದೆ. ಕರ್ಯಕ್ಕೆ ಬಂದ್ರೂ ಬರ್ತಿರ್ಲಿಲ್ಲ."

ಮಗನಿಗೆ ಫೋನಿನಲ್ಲಿ ನಾನೇ ಹೇಳಿದೆ. ಅವನು ಕೇಳಿದ್ದು, "ನಂಗೆ ಸೋದರತ್ತೆ ಒಬ್ಬಳು ಇದ್ದಳಾ?" ಎಂದಷ್ಟೆ. ಆಮೇಲೆ ಫೋನು ಇಟ್ಟ. ಊರಿಗೆ ಬಂದ ಮೇಲೆ ತನ್ನ ಹೆಂಡತಿಯ ಹತ್ತಿರ ಏನು ಮಾತಾಡಿದನೋ ಗೊತ್ತಿಲ್ಲ, ಬ್ಯಾಗು ಅಟ್ಟಕ್ಕೆ ಏರಿತು. ನನ್ನ ಹತ್ತಿರ ಈಗಲೂ ಕೆಲಸದ ಮಾತು ಮಾತ್ರ.

ಸ್ಕ್ಯಾನಿನಲ್ಲಿ ಎದೆಯಲ್ಲಿ ಒಂದು ತೂತು ಕಂಡಿತು. ಔಷಧ ಕೊಟ್ಟು ನೋಡುತ್ತಿದ್ದಾರೆ, ಇನ್ನೂ ತೂಕ ಬಂದರೆ ಆಪರೇಷನ್. ರಕ್ತದ ರಿಪೋರ್ಟು ಅದಾದ ಮೇಲೆ ಬಂತು. ಡೌನ್ ಸಿಂಡ್ರೋಮೇ. ಆದರೆ ಕುಟುಂಬದಲ್ಲಿ ಹರಿಯುವ ಬಗೆಯದಲ್ಲ, ಯಾರ ಕಡೆಯದೂ ಅಲ್ಲ, ಹಾಗೇ ಆಗುವಂಥದ್ದು ಎಂದರು ಡಾಕ್ಟರು. ನನ್ನ ತಂಗಿಯದು ಯಾವ ಬಗೆಯದೋ ಈಗ ಯಾರೂ ಹೇಳಲಾರರು. ಯಾರದೂ ಅಲ್ಲದ್ದನ್ನು ಮುಚ್ಚಿಡಲು ಒಬ್ಬಳನ್ನು ಕುರಿಪಟ್ಟಿಯಲ್ಲಿ ಕೂಡಿಹಾಕಿದೆ, ಇನ್ನೊಬ್ಬಳನ್ನು ಮನೆಯಿಂದ ಕಳಿಸಲು ಹೊರಟೆ. ರಿಪೋರ್ಟು ಕೇಳಿ ನನಗೆ ಸಮಾಧಾನವಾಗಲಿಲ್ಲ. ಇನ್ನೂ ಆಗಿಲ್ಲ.

ಇಂಥ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಮೊದಲಿನಿಂದ ಎಲ್ಲವನ್ನೂ ಮತ್ತೆ ಕೇಳುತ್ತಾರೆ. ಎದೆಯ ಡಾಕ್ಟರು ಕೇಳಿದರು, ಕಿವಿ ಪರೀಕ್ಷೆಯವರು ಕೇಳಿದರು, ಅಂಗವೈಕಲ್ಯದ ಸರ್ಟಿಫಿಕೇಟಿಗೆ ಹೋದಾಗ ಕೇಳಿದರು. ಪ್ರತಿ ಸಲವೂ ನಾನು ಹೋಗಬೇಕು, ಅದು ಸೊಸೆಯ ಕಟ್ಟಳೆ. ಹೊರಡುವಾಗ ಹೆಂಡತಿ ನನ್ನ ಹೆಗಲಿನಿಂದ ಟವಲು ತೆಗೆದು ಗೂಟಕ್ಕೆ ಹಾಕುತ್ತಾಳೆ. ಬಿಸಿಲಿಗೆ ಬೇಕು ಎಂದರೆ, "ಛತ್ರಿ ತಕ್ಕೊ," ಎನ್ನುತ್ತಾಳೆ.

ಹೋದ ವಾರ ಓಮಲೂರಿನಲ್ಲಿ, ಮಗುವಿಗೆ ಕೂರುವ ವ್ಯಾಯಾಮ ಕಲಿಸುವ ಕಡೆ, ಹೊಸ ಹುಡುಗಿಯೊಬ್ಬಳು ಫಾರಂ ಹಿಡಿದು ಕೂತಳು. ವಯಸ್ಸು, ಬಸುರು, ಹೆರಿಗೆ ಎಲ್ಲದಕ್ಕೂ ಸೊಸೆಯೇ ತಮಿಳಿನಲ್ಲಿ ಉತ್ತರ ಕೊಟ್ಟಳು. ತಡವರಿಸುತ್ತಿದ್ದಳು, ಆದರೆ ನನ್ನ ಕಡೆ ನೋಡಲಿಲ್ಲ. ಕುಟುಂಬದಲ್ಲಿ ಯಾರಾದರೂ ಹೀಗೆ ಇದ್ದರಾ ಎಂದು ಬಂತು.

"ಇರುಂದಾಂಗ," ಇದ್ದರು, ಎಂದಳು ಸೊಸೆ. "ತಾತಾ ಸೊಲ್ಲುವಾರು," ತಾತ ಹೇಳುತ್ತಾರೆ ಎಂದು.

ಹುಡುಗಿ ನನ್ನ ಕಡೆ ತಿರುಗಿದಳು. ಮಗು ಚಾಪೆಯ ಮೇಲೆ, ದಿಂಬಿಗೆ ಒರಗಿ, ಬೀಳದೆ ಕೂತಿತ್ತು. ನಾನು ಹೇಳತೊಡಗಿದೆ. ತಂಗಿಯ ಹೆಸರು ಹೇಳುವಾಗ ದನಿ ತಾನಾಗಿ ತಗ್ಗಿತು. ಹುಡುಗಿ ಬರೆಯುತ್ತಿದ್ದವಳು ತಲೆಯೆತ್ತಿ, ಸರಿಯಾಗಿ ಕೇಳಿಸಲಿಲ್ಲ, ಸ್ವಲ್ಪ ಗಟ್ಟಿಯಾಗಿ ಹೇಳಿ ತಾತಾ, ಎಂದಳು.